ಸದ್ದಡಗಿದರೆ ಹೊಣೆಯೂ ಅಡಗುವುದೇ?

ನಮ್ಮಲ್ಲಿ ಸೈಲೆನ್ಸರ್ ಎಂದೊಡನೆ ನೆನಪಾಗುವುದು ಬೈಕಿನ ಹೊಗೆ ಕೊಳವೆ. ಅದನ್ನು ಬದಲಾಯಿಸಿಕೊಂಡು ನಡುರಾತ್ರಿ ಓಣಿಯಲ್ಲಿ ಅಬ್ಬರಿಸುವ ಹುಡುಗರ ಮೇಲೆ ನಾವೆಲ್ಲ ಸಿಡುಕಿದವರೇ. ಅದೇ ಹೆಸರಿನ ಇನ್ನೊಂದು ಸಾಧನವಿದೆ. ಅದನ್ನು ಬಂದೂಕಿನ ತುದಿಗೆ ಜೋಡಿಸುತ್ತಾರೆ. ಬೈಕಿಗೆ ಸೈಲೆನ್ಸರ್ ಇಲ್ಲದಿದ್ದರೆ ತಪ್ಪು ಎನ್ನುವ ನಾವು, ಬಂದೂಕಿಗೆ ಅದು ಇದೆ ಎಂದು ಕೇಳಿದರೆ ಬೆಚ್ಚುತ್ತೇವೆ. ಸದ್ದು ಕಡಿಮೆ ಮಾಡುವುದು ಒಂದು ಕಡೆ ಸಭ್ಯತೆ, ಇನ್ನೊಂದು ಕಡೆ ಸಂಶಯಕ್ಕೆ ಕಾರಣ. ಹೀಗೇಕೆ?

ವಾಹನದ ಸದ್ದಡಗಿಸುವ ಕೆಲಸದಲ್ಲೂ ಬಂದೂಕಿನ ಸದ್ದಡಗಿಸುವ ಕೆಲಸದಲ್ಲೂ ತೊಡಗಿದ್ದವರು ಅಮೆರಿಕದ ಇಂಜಿನಿಯರ್ ಹಿರಾಮ್ ಪರ್ಸಿ ಮ್ಯಾಕ್ಸಿಮ್. ಬಂದೂಕಿನ ಸೈಲೆನ್ಸರಿಗೆ ಅವರು 1909ರಲ್ಲಿ ಪೇಟೆಂಟ್ ಪಡೆದರು. ಎರಡರ ಹಿಂದಿನ ತತ್ವವೂ ಒಂದೇ. ಗುಂಡಿನ ಬೆನ್ನಿಗೇ ನುಗ್ಗುವ ಬಿಸಿ ಅನಿಲ ಒಮ್ಮೆಲೇ ಹೊರಗೆ ಸಿಡಿದಾಗ ಢಂ ಎಂಬ ಸದ್ದು ಹುಟ್ಟುತ್ತದೆ. ಸೈಲೆನ್ಸರಿನ ಒಳಗೆ ಸಾಲಾಗಿ ಅಡ್ಡಗೋಡೆಗಳಿರುತ್ತವೆ. ಅನಿಲ ಅವುಗಳ ನಡುವಿನ ಕೋಣೆಗಳಲ್ಲಿ ಸಿಕ್ಕಿಬಿದ್ದು, ಸುಳಿಸುತ್ತಿ, ಹರಡಿ, ತಣಿದು, ನಿಧಾನವಾಗಿ ಹೊರಬರುತ್ತದೆ. ಆದರೆ ಪ್ರತಿ ಗೋಡೆಯ ನಡುವೆಯೂ ಒಂದು ರಂಧ್ರವಿದೆ. ಗುಂಡು ಅದರ ಮೂಲಕ ನೇರವಾಗಿ ಹೋಗುತ್ತದೆ. ಅಂದರೆ ಈ ಗೋಡೆಗಳು ತಡೆಯುವುದು ಸದ್ದನ್ನು, ಗುಂಡನ್ನಲ್ಲ.

ಈ ಮ್ಯಾಕ್ಸಿಮ್‌ರ ತಂದೆ ಹಿರಾಮ್ ಸ್ಟೀವನ್ಸ್ ಮ್ಯಾಕ್ಸಿಮ್. 1884ರಲ್ಲಿ ಮೆಷಿನ್ ಗನ್ ರೂಪಿಸಿದವರು ಅವರೇ. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಒಮ್ದುರ್ಮಾನ್‌ನಲ್ಲಿ ಬ್ರಿಟಿಷ್-ಈಜಿಪ್ಟ್ ಸೇನೆಯ ಫಿರಂಗಿ, ರೈಫಲ್ ಮತ್ತು ಮ್ಯಾಕ್ಸಿಮ್ ಗನ್ನುಗಳ ಮುಂದೆ ಒಂದೇ ದಿನ ಸುಮಾರು 10 ಸಾವಿರ ಸುಡಾನಿಗಳು ಸತ್ತರು. ಎದುರು ಪಕ್ಷದಲ್ಲಿ ಸತ್ತವರು 50ಕ್ಕಿಂತ ಕಡಿಮೆ. ತಂದೆ ತನ್ನ ಬಂದೂಕುಗಳ ಸದ್ದಿನಿಂದಲೇ ಕಿವುಡರಾದರು. ಮಗ ಆ ಸದ್ದನ್ನು ಅಡಗಿಸಲು ಹೊರಟರು.

ಇಷ್ಟು ಕೇಳಿದೊಡನೆ ಮಗನನ್ನು ಕಟಕಟೆಯಲ್ಲಿ ನಿಲ್ಲಿಸುವುದು ಸುಲಭ. ಆದರೆ ನ್ಯಾಯ ಹೇಳುವವರು ಎರಡೂ ಕಡೆಯ ಮಾತು ಕೇಳಬೇಕು. ನೆರೆಹೊರೆಗೆ ತೊಂದರೆಯಾಗದಂತೆ ಗುರಿ ಅಭ್ಯಾಸ ಮಾಡಬೇಕೆಂಬುದೇ ಮಗನ ಆಸೆಯಾಗಿತ್ತು. ಸಿನಿಮಾದಲ್ಲಿ ತೋರಿಸುವಂತೆ ಸೈಲೆನ್ಸರ್ ಹಾಕಿದ ಬಂದೂಕು ಉಸುರಿದಷ್ಟು ಮೆಲ್ಲಗೆ ಸಿಡಿಯುವುದೂ ಇಲ್ಲ. ರೈಫಲ್ಲಿನ ಸದ್ದು ಸುಮಾರು 160 ಡೆಸಿಬಲ್. ಒಳ್ಳೆಯ ಸೈಲೆನ್ಸರ್ ಅದರಲ್ಲಿ 20ರಿಂದ 35ರಷ್ಟು ತಗ್ಗಿಸಬಹುದು. ಶಬ್ದಕ್ಕಿಂತ ವೇಗವಾಗಿ ಸಾಗುವ ಗುಂಡಿನ ಚಟಾರ್ ಎಂಬ ಸದ್ದು ಆಗಲೂ ಉಳಿಯುತ್ತದೆ. ಕಿವಿಗೆ ಹಾನಿಯಾಗದಿರಲೆಂದು ಫಿನ್ಲೆಂಡಿನ ಬೇಟೆಗಾರರು ಇದನ್ನು ಸಾಮಾನ್ಯವಾಗಿ ಬಳಸುತ್ತಾರೆ. ಅಮೆರಿಕ 1934ರಲ್ಲಿ ಇದರ ಮೇಲೆ 200 ಡಾಲರ್ ತೆರಿಗೆ ಹೇರಿ ನೋಂದಣಿ ಕಡ್ಡಾಯ ಮಾಡಿತು. 2026ರ ಜನವರಿಯಿಂದ ತೆರಿಗೆ ಸೊನ್ನೆಯಾಗಿದೆ, ನೋಂದಣಿ ಉಳಿದಿದೆ.

ಹಾಗಾದರೆ ನಮ್ಮ ಅಳುಕಿಗೆ ಅರ್ಥವಿಲ್ಲವೇ? ಇದೆ. ಸದ್ದಿನಲ್ಲಿ ಎರಡು ಸಂಗತಿಗಳಿವೆ. ಒಂದು ಕಿರಿಕಿರಿ, ಇನ್ನೊಂದು ಸುದ್ದಿ. ಬೈಕಿನ ಅಬ್ಬರದಲ್ಲಿ ಇರುವುದು ಬಹುಪಾಲು ಕಿರಿಕಿರಿ ಮಾತ್ರ. ಆದರೆ ಬಂದೂಕಿನ ಸದ್ದು ಸುದ್ದಿಯನ್ನೂ ಹೊತ್ತಿರುತ್ತದೆ. ಅದು ಒಬ್ಬನಿಗೆ ಓಡು ಎನ್ನುತ್ತದೆ, ಇನ್ನೊಬ್ಬನಿಗೆ ನೆರವಿಗೆ ಬಾ ಎನ್ನುತ್ತದೆ, ಮೂರನೆಯವನನ್ನು ಸಾಕ್ಷಿಯಾಗಿಸುತ್ತದೆ. ನಮ್ಮ ಕಿವಿಯನ್ನು ಕಾಪಾಡಿಕೊಳ್ಳುವುದು ನಮ್ಮ ಹಕ್ಕು. ಆದರೆ ಇನ್ನೊಬ್ಬರಿಗೆ ಸಲ್ಲಬೇಕಾದ ಸುದ್ದಿಯನ್ನು ಅಡಗಿಸುವ ಹಕ್ಕು ನಮಗಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಸದ್ದು ಎಷ್ಟು ತಗ್ಗಿತು ಎಂಬುದಲ್ಲ. ಅದು ತಗ್ಗಿದ್ದರಿಂದ ಯಾರು ಸುಖವಾಗಿ ಉಳಿದರು, ಯಾರಿಗೆ ಸುದ್ದಿ ತಪ್ಪಿತು ಎಂಬುದು.

ಆ ಅಡ್ಡಗೋಡೆಗಳು ನಮಗೆ ಇನ್ನೊಂದು ಪಾಠವನ್ನೂ ಹೇಳುತ್ತವೆ. ಅಲ್ಲಿ ಯಾವ ಗೋಡೆಯೂ ಒಂಟಿಯಾಗಿ ಸದ್ದನ್ನು ಕೊಲ್ಲುವುದಿಲ್ಲ. ಪ್ರತಿಯೊಂದೂ ಸ್ವಲ್ಪ ಸ್ವಲ್ಪವೇ ಬಿಸಿಯನ್ನು ಹೀರಿ ಮುಂದಿನದಕ್ಕೆ ದಾಟಿಸುತ್ತದೆ. ಸಮಾಜದಲ್ಲಿ ಅನ್ಯಾಯದ ಕೂಗು ಅಡಗುವುದೂ ಹೀಗೆಯೇ. ದೂರು ಬರೆದುಕೊಳ್ಳುವವರು ಒಂದು ಪದವನ್ನು ಮೆದುವಾಗಿಸುತ್ತಾರೆ. ವರದಿ ಮಾಡುವವರು ಅದನ್ನು ಅಹಿತಕರ ಘಟನೆ ಎನ್ನುತ್ತಾರೆ. ಹಿರಿಯರು ದೊಡ್ಡದು ಮಾಡಬೇಡಿ ಎನ್ನುತ್ತಾರೆ. ಕೊನೆಗೆ ಅದು ನಮ್ಮ ಬಾಗಿಲಿಗೆ ಬರುವಾಗ ಬರೀ ಉಗುರು ಬೆಚ್ಚಗಿರುತ್ತದೆ. ಯಾರನ್ನು ಕೇಳಿದರೂ, ನಾನೇನು ಮಾಡಿದೆ ಎಂಬ ಉತ್ತರ. ಅವರು ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರೂ ಮಾಡಿದ್ದು ಸ್ವಲ್ಪವೇ. ಆದರೆ ಪೆಟ್ಟು ತಿಂದವರಿಗೆ ಬಿದ್ದ ಪೆಟ್ಟು ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ.

ಇಲ್ಲಿ ಬೆರಳು ತೋರಿಸಲು ದೂರ ಹೋಗಬೇಕಾಗಿಲ್ಲ. ಪಕ್ಕದ ಮನೆಯಿಂದ ಹೆಣ್ಣೊಬ್ಬಳ ಅಳು ಕೇಳಿಸಿದಾಗ, ಅವರ ಮನೆಯ ವಿಷಯ ನಮಗೇಕೆ ಎಂದು ಟಿ.ವಿ.ಯ ಸದ್ದು ಹೆಚ್ಚಿಸಿದ ರಾತ್ರಿ ನಮ್ಮಲ್ಲಿ ಎಷ್ಟು ಮಂದಿಯ ನೆನಪಿನಲ್ಲಿಲ್ಲ? ಆ ಹೊತ್ತು ನಾವು ಯಾರಿಗೂ ಹೊಡೆದಿರಲಿಲ್ಲ, ನಿಜ. ಒಂದು ಅಡ್ಡಗೋಡೆಯಾಗಿದ್ದೆವು, ಅಷ್ಟೇ. ಮರುದಿನ ಬೆಳಿಗ್ಗೆ ನೀರಿಗೆ ಬಂದ ಆಕೆ ನಮ್ಮ ಮುಖ ನೋಡಲಿಲ್ಲ. ನಮಗೆ ಕೇಳಿಸಿತ್ತೆಂಬುದು ಆಕೆಗೆ ಗೊತ್ತಿತ್ತು.