ಯಮನು ಕಾಗೆಗಿತ್ತ ವರ

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಚೆನ್ನೈ ನಗರದ ಮೈಲಾಪುರ, ತ್ಯಾಗರಾಯನಗರಗಳ ಮನೆಮಾಳಿಗೆಗಳನ್ನು ನೋಡಬೇಕು. ಪಿತೃಕಾರ್ಯವನ್ನು ಮುಗಿಸಿದ ಗೃಹಸ್ಥನು ಬಾಳೆಲೆಯ ತುಂಡಿನ ಮೇಲೆ ಎಳ್ಳು ಬೆರೆತ ಅನ್ನವನ್ನಿರಿಸಿ, ಕೈಮುಗಿದು, ‘ಕಾ, ಕಾ’ ಎಂದು ಕರೆಯುತ್ತಾನೆ. ಕಾಗೆ ಬಂದು ಮುಟ್ಟುವವರೆಗೆ ಮನೆಯಲ್ಲಿ ಯಾರೂ ಊಟಕ್ಕೆ ಕುಳಿತುಕೊಳ್ಳುವುದಿಲ್ಲ. ತಡವಾದರೆ ಹಿರಿಯರಿಗೆ ಏನು ಕೊರತೆಯಾಯಿತೋ ಎಂದು ಮನೆಯೊಡತಿಯ ಮುಖ ಬಾಡುತ್ತದೆ. ಮರುದಿನವೇ ಶರನ್ನವರಾತ್ರಿಯ ಆರಂಭ. ಅದೇ ಮನೆಯಲ್ಲಿ ಗೊಂಬೆಗಳು ಮೆಟ್ಟಿಲೇರುತ್ತವೆ; ಮಹಾನವಮಿಯಂದು ಆಯುಧಗಳಿಗೆ ಅರಿಸಿನ ಕುಂಕುಮ ಸಲ್ಲುತ್ತದೆ.

ಕಾಗೆಗೆ ಈ ಗೌರವ ಬಂದ ಬಗೆಯನ್ನು ವಾಲ್ಮೀಕಿ ರಾಮಾಯಣದ ಉತ್ತರಕಾಂಡವು ಹೇಳುತ್ತದೆ. ಮರುತ್ತರಾಜನ ಯಜ್ಞಶಾಲೆಗೆ ರಾವಣನು ಬಂದಾಗ ದೇವತೆಗಳು ಬೆದರಿ ಪ್ರಾಣಿಪಕ್ಷಿಗಳ ರೂಪ ತಳೆದರು. ಇಂದ್ರನು ನವಿಲಾದನು, ವರುಣನು ಹಂಸವಾದನು, ಯಮಧರ್ಮನು ಕಾಗೆಯಾದನು. ಆಪತ್ತು ಕಳೆದ ಮೇಲೆ ಯಮನು ಕಾಗೆಗೆ ವರವಿತ್ತನು. ತನ್ನ ಲೋಕದಲ್ಲಿ ಹಸಿದಿರುವವರು ಕಾಗೆ ಉಂಡಾಗ ತೃಪ್ತರಾಗುವರು. ಕಾಗೆಗೆ ತನ್ನಿಂದ ಮೃತ್ಯುಭಯವಿಲ್ಲ. ಮನುಷ್ಯರು ಕೊಲ್ಲುವವರೆಗೆ ಅದು ಬದುಕಿರುವುದು. ವರದ ಮೊದಲ ಭಾಗವನ್ನು ಲೋಕವು ನೆನಪಿನಲ್ಲಿಟ್ಟುಕೊಂಡಿದೆ. ಕಡೆಯ ಭಾಗವನ್ನು ಮರೆತಿದೆ. ಕಾಗೆಯ ಸಾವನ್ನು ಸಾಕ್ಷಾತ್ ಯಮನೇ ತನ್ನ ಕೈಯಿಂದ ಬಿಟ್ಟು ಮನುಷ್ಯನ ಕೈಗೆ ಒಪ್ಪಿಸಿದ್ದಾನೆ.

ಆ ಕಡೆಯ ಮಾತು ಇಂದು ಸಮುದ್ರದಾಚೆ ನಿಜವಾಗುತ್ತಿದೆ. ಚೆನ್ನೈಯ ಮಾಳಿಗೆಗೆ ಬರುವ ಇದೇ ಬೂದುಕೊರಳಿನ ಊರುಕಾಗೆಯನ್ನು 1890ರ ದಶಕದಲ್ಲಿ ಆಫ್ರಿಕದ ಪೂರ್ವತೀರದ ಜಾಂಜಿಬಾರ್ ದ್ವೀಪಕ್ಕೆ ಒಯ್ದರು. ಬೀದಿಯ ಕಸವನ್ನು ತಿಂದು ಊರನ್ನು ಶುಚಿಗೊಳಿಸಲೆಂಬುದು ಅಂದಿನ ಬ್ರಿಟಿಷ್ ಆಡಳಿತದ ಉದ್ದೇಶವಾಗಿತ್ತು. ದ್ವೀಪದಿಂದ ಹಾರಿಯೂ ಹಡಗುಗಳನ್ನೇರಿಯೂ ಕಾಗೆ ಕರಾವಳಿಯುದ್ದಕ್ಕೂ ಹಬ್ಬಿತು. ಗೀಜಗ ಮೊದಲಾದ ಅಲ್ಲಿನ ಚಿಕ್ಕ ಹಕ್ಕಿಗಳ ಮೊಟ್ಟೆ ಮರಿಗಳು ಅದಕ್ಕೆ ಆಹಾರವಾದವು. 2024ರ ಜೂನ್ ತಿಂಗಳಿನಲ್ಲಿ ಕೀನ್ಯಾ ದೇಶದ ವನ್ಯಜೀವಿ ಸಂಸ್ಥೆಯು ಆ ವರ್ಷದ ಕೊನೆಯೊಳಗೆ 10 ಲಕ್ಷ ಕಾಗೆಗಳನ್ನು ನಿವಾರಿಸುವ ಯೋಜನೆಯನ್ನು ಪ್ರಕಟಿಸಿತು. ಮಾಂಸದ ತುಣುಕಿನಲ್ಲಿ ವಿಷವಿಡುವುದು ಅದರ ಒಂದು ಮಾರ್ಗ. ಈ ತೀರದಲ್ಲಿ ಕಾಗೆಗೆ ಎಳ್ಳಿನ ತುತ್ತು. ಆ ತೀರದಲ್ಲಿ ವಿಷದ ತುತ್ತು. ಹಕ್ಕಿ ಒಂದೇ. ಇದು ಧರ್ಮವೋ, ಅಧರ್ಮವೋ?

ಅವಸರದ ಉತ್ತರಗಳು ಎರಡುಂಟು. ಯಾವ ಜೀವಿಯನ್ನೂ ಕೊಲ್ಲಕೂಡದು, ಸೃಷ್ಟಿಯು ತನ್ನ ದಾರಿಯಲ್ಲಿ ನಡೆಯಲಿ ಎಂಬುದು ಮೊದಲನೆಯದು. ಇದು ಕೇಳಲು ಇಂಪಾಗಿದೆ. ಆದರೆ ಕಾಗೆಯನ್ನು ಹಡಗಿನಲ್ಲಿ ಒಯ್ದದ್ದು ಸೃಷ್ಟಿಯಲ್ಲ, ಮನುಷ್ಯ. ಗೂಡಿನಲ್ಲಿ ಬಾಯಿ ತೆರೆದಿರುವ ಗೀಜಗದ ಮರಿಯೂ ಜೀವಿಯೇ. ಶಿಬಿ ಚಕ್ರವರ್ತಿಯು ಪಾರಿವಾಳಕ್ಕೆ ಅಭಯವಿತ್ತು ಸುಮ್ಮನಾಗಲಿಲ್ಲ. ಗಿಡುಗನ ಹಸಿವೂ ನ್ಯಾಯವೆಂದು ಒಪ್ಪಿ, ತನ್ನ ತೊಡೆಯ ಮಾಂಸವನ್ನೇ ಕೊಯ್ದು ತೂಗಿದನು. ಒಂದು ಜೀವಕ್ಕೆ ತೋರುವ ಕರುಣೆಯ ಬೆಲೆಯನ್ನು ಇನ್ನೊಂದು ಜೀವದ ಮೇಲೆ ಹೊರಿಸಲಾಗದೆಂಬುದೇ ಆ ಕಥೆಯ ತಿರುಳು.

ಕಾಗೆ ಪೀಡೆ, ಆದ್ದರಿಂದ ಕೊಲ್ಲುವುದೇ ಪುಣ್ಯ ಎಂಬುದು ಎರಡನೆಯ ಉತ್ತರ. ಮಹಿಷಾಸುರಮರ್ದಿನಿಯ ಹಬ್ಬದಲ್ಲಿ ಈ ಮಾತು ಸುಲಭವಾಗಿ ನಾಲಿಗೆಗೆ ಬರುತ್ತದೆ. ಆದರೆ ಮಹಿಷನು ತಿಳಿದೂ ತಿಳಿದೂ ಲೋಕವನ್ನು ಪೀಡಿಸಿದವನು. ಕಾಗೆಗೆ ಅಂತಹ ಸಂಕಲ್ಪವಿಲ್ಲ. ಹಸಿದಾಗ ಸಿಕ್ಕಿದ್ದನ್ನು ತಿನ್ನುವುದು ಅದರ ಸ್ವಧರ್ಮ. ಸಾಲವೆತ್ತಿದವನೊಬ್ಬ, ತೀರಿಸುವ ಜಾಮೀನುದಾರ ಇನ್ನೊಬ್ಬ ಎಂಬಂತೆ, ಮನುಷ್ಯನ ತಪ್ಪಿಗೆ ಕಾಗೆ ತಲೆ ಕೊಡುತ್ತಿದೆ. ಅದನ್ನು ಅಸುರನೆಂದು ಕರೆಯುವುದು ಲೆಕ್ಕವನ್ನು ತಿದ್ದಿದಂತೆ.

ಹಾಗಾದರೆ ದಾರಿ ಯಾವುದು? ಸುಂದರಕಾಂಡದಲ್ಲಿ ಸೀತಾದೇವಿಯು ಹನುಮಂತನಿಗೆ ಹೇಳುವ ಕಾಕಾಸುರನ ವೃತ್ತಾಂತವು ಇಲ್ಲಿ ದೀಪವಾಗುತ್ತದೆ. ದೇವಿಯನ್ನು ಕುಕ್ಕಿ ನೋಯಿಸಿದ ಕಾಗೆಯ ಮೇಲೆ ಶ್ರೀರಾಮನು ದರ್ಭೆಯೊಂದನ್ನು ಬ್ರಹ್ಮಾಸ್ತ್ರವಾಗಿ ಅಭಿಮಂತ್ರಿಸಿ ಬಿಟ್ಟನು. ಮೂರು ಲೋಕಗಳನ್ನು ಸುತ್ತಿದರೂ ಆಶ್ರಯ ಕಾಣದ ಕಾಗೆ ರಾಮನ ಪಾದಕ್ಕೇ ಬಂದು ಬಿದ್ದಿತು. ಬಿಟ್ಟ ಅಸ್ತ್ರ ವ್ಯರ್ಥವಾಗುವಂತಿಲ್ಲ, ಶರಣಾಗತನು ಸಾಯುವಂತಿಲ್ಲ. ಅಸ್ತ್ರವು ಬಲಗಣ್ಣೊಂದನ್ನು ಮಾತ್ರ ತೆಗೆದುಕೊಂಡಿತು. ವಧೆಗೆ ಅರ್ಹನಾದ ಅಪರಾಧಿಗೇ ಇಷ್ಟು ಮಿತಿಯಿದ್ದರೆ, ಅಪರಾಧವನ್ನೇ ಅರಿಯದ ಹಕ್ಕಿಗೆ ಎಷ್ಟು ಮಿತಿಯಿರಬೇಕು!

ಆದುದರಿಂದ ಅಂತಹ ವಧೆಯು ಎಲ್ಲಿಯಾದರೂ ಅನಿವಾರ್ಯವಾದರೆ ಅದು ವಿಜಯವಲ್ಲ, ಪ್ರಾಯಶ್ಚಿತ್ತ. ಉಳಿದ ದಾರಿಗಳು ಮುಚ್ಚಿದ ಮೇಲೆ ಮಾತ್ರ ಅದಕ್ಕೆ ಕೈಯಿಡಬೇಕು. ನೋವು ಕನಿಷ್ಠವಾಗಿರಬೇಕು, ವಿಷವು ಅನ್ಯಜೀವಿಗಳ ಬಾಯಿಗೆ ಬೀಳಬಾರದು. ಎಲ್ಲಕ್ಕೂ ಮೊದಲು ಮೂಲದೋಷ ನಿಲ್ಲಬೇಕು. ಕಸದ ರಾಶಿಯನ್ನು ಹಾಗೆಯೇ ಬಿಟ್ಟು ಕಾಗೆಗಳನ್ನು ಕೊಂದರೆ, ಉಳಿದ ಕಾಗೆಗಳು ಆ ರಾಶಿಯನ್ನೇ ತಿಂದು ಮತ್ತೆ ಬೆಳೆಯುತ್ತವೆ. ತಪ್ಪು ಹಾಗೆಯೇ ಉಳಿದು ಪಾಪ ಮಾತ್ರ ಬೆಳೆದೀತು.

ಈ ಮಾತು ಕೀನ್ಯಾಕ್ಕಷ್ಟೇ ಅಲ್ಲ. ಭಾರತದ 1972ರ ವನ್ಯಜೀವಿ ಕಾಯಿದೆಯು ಕಾಗೆಯನ್ನು ಇಲಿ ಹೆಗ್ಗಣಗಳೊಡನೆ ಉಪದ್ರವಕಾರಿಗಳ ಪಟ್ಟಿಯಲ್ಲಿ ಸೇರಿಸಿತ್ತು. 2022ರ ತಿದ್ದುಪಡಿಯು ಆ ಪಟ್ಟಿಯನ್ನು ಕೈಬಿಟ್ಟಿತು. ಪಟ್ಟಿ ಹೋಯಿತು, ಕಸ ಹೋಗಲಿಲ್ಲ. ಪಳ್ಳಿಕರಣೈ ಜೌಗುಪ್ರದೇಶಕ್ಕೆ 2022ರಲ್ಲಿ ರಾಮ್‌ಸಾರ್ ಮನ್ನಣೆ ದೊರೆತಿದೆ. ಅದರ ಅಂಚಿನ ಪೆರುಂಗುಡಿಯಲ್ಲಿ ದಶಕಗಳ ಕಾಲ ಈ ನಗರವು ಕಸ ಸುರಿಯಿತು. ಮನೆಯ ತೊಟ್ಟಿಯಲ್ಲಿ ವಿದೇಶದ ಕೆಂಪುಕಿವಿಯ ಆಮೆಯನ್ನು ಸಾಕಿ, ಬೇಸರವಾದಾಗ ‘ಬದುಕಿಕೊಳ್ಳಲಿ’ ಎಂದು ಕೆರೆಗೆ ಬಿಡುವವರೂ ಉಂಟು. ಕರುಣೆಯೆಂದು ಬಿಟ್ಟ ಆ ಜೀವಿಯು ಕೆರೆಯ ಆಮೆಗಳ ಆಹಾರಕ್ಕೂ ನೆಲೆಗೂ ಪೈಪೋಟಿಗಿಳಿಯುತ್ತದೆ. ಇಂದಿನ ವಿಚಾರಹೀನ ಕರುಣೆ ನಾಳೆ ಯಾರದೋ ಕೈಗೆ ಆಯುಧವನ್ನು ಕೊಡುತ್ತದೆ.

ಮಹಾನವಮಿಯಂದು ಆಯುಧಗಳನ್ನೂ ಲೆಕ್ಕದ ಪುಸ್ತಕಗಳನ್ನೂ ದೇವಿಯ ಮುಂದಿರಿಸಿ, ಆ ದಿನ ಅವುಗಳನ್ನು ಬಳಸದಿರುವುದು ಹಿರಿಯರ ಸಂಪ್ರದಾಯ. ಆಯುಧವನ್ನು ಎತ್ತುವ ಮುನ್ನ ಕೆಳಗಿಡಲು ಬರಬೇಕು; ಯಾರ ತಪ್ಪಿಗೆ ಯಾರ ಜೀವ ಹೋಗುತ್ತಿದೆ ಎಂಬ ಲೆಕ್ಕವನ್ನು ತಾಯಿಯ ಮುಂದೆ ತೆರೆದಿಡಬೇಕು. ಯಮನು ಮನುಷ್ಯನನ್ನು ನಂಬಿ ಕಾಗೆಯನ್ನು ಒಪ್ಪಿಸಿಹೋದನು. ಮುಂದಿನ ಮಹಾಲಯದಲ್ಲಿ ‘ಕಾ, ಕಾ’ ಎಂದು ಕರೆದಾಗ ನಂಬಿ ಬಂದ ಹಕ್ಕಿಯ ಮುಂದೆ ತಲೆತಗ್ಗಿಸದಂತೆ ಬಾಳುವ ಬುದ್ಧಿಯನ್ನು ತಾಯಿ ಚಾಮುಂಡೇಶ್ವರಿಯು ಸಕಲರಿಗೂ ಕರುಣಿಸಲಿ.