ಇಟ್ಟಿಗೆಯ ಹೆಸರು, ಇಟ್ಟಿಗೆಯ ಹಿಡಿತ

☸️ *ಇಂದಿನ ಧಮ್ಮ ಚಿಂತನೆ* ☸️



ಇಂದು ನನ್ನದೊಂದು ಹವ್ಯಾಸದಿಂದಲೇ ಮಾತು ಶುರು ಮಾಡುತ್ತೇನೆ. ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಕೂರಿಸಿ ಮನೆ, ಸೇತುವೆ, ರೈಲು ನಿಲ್ದಾಣಗಳ ಪುಟ್ಟ ಮಾದರಿ ಕಟ್ಟುವುದೆಂದರೆ ನನಗೆ ಬಲು ಇಷ್ಟ. ನಲವತ್ತು ದಾಟಿದ ಟೀಚರಮ್ಮನಿಗೆ ಇದೇನು ಮಕ್ಕಳಾಟ ಎಂದು ನಗುವವರು ನಗಲಿ. ನಮ್ಮ ಬಾಲ್ಯದಲ್ಲಿ ಆಟಿಕೆ ಎಂದರೆ ಖಾಲಿ ಬೆಂಕಿಪೊಟ್ಟಣ ಮತ್ತು ಒಡೆದ ಬಳೆ ಚೂರು. ಆಗ ಆಡದೆ ಉಳಿದದ್ದನ್ನು ಈಗ ಭಾನುವಾರಗಳಲ್ಲಿ ಆಡುತ್ತಿದ್ದೇನೆ.

ದುಬಾರಿ ಡಬ್ಬಿಗಳಿಗೆ ನನ್ನ ಕೈ ಹೋಗುವುದಿಲ್ಲ. ಕಳೆದ ತಿಂಗಳು ಆನ್‌ಲೈನಿನಲ್ಲಿ ಒಂದು ಅಗ್ಗದ ಕಿಟ್ ತರಿಸಿದೆ. ಹಳೆಯ ಕಾಲದ ರೈಲು ನಿಲ್ದಾಣ, 482 ತುಂಡುಗಳು, ಬೆಲೆ 749 ರೂಪಾಯಿ. ತುಂಡಿಗೆ ಸುಮಾರು ಒಂದೂವರೆ ರೂಪಾಯಿ ಬಿತ್ತು. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು ನಕ್ಕರು: "ಅಯ್ಯೋ ಮೇಡಂ, ಅದು ಡೂಪ್ಲಿಕೇಟ್ ಮಾಲು. ಒರಿಜಿನಲ್ ಅಂದ್ರೆ ಒರಿಜಿನಲ್ಲೇ."

ಆ ಮಾತು ನನಗೆ ಚುಚ್ಚಿತು. ಯಾಕೆ ಚುಚ್ಚಿತು ಎಂದು ಯೋಚಿಸಿದಾಗ ನನ್ನ ಅಪ್ಪ ನೆನಪಾದರು.

ಅಪ್ಪ ಗಾರೆ ಕೆಲಸದವರು. ಲಾರಿಯಿಂದ ಇಟ್ಟಿಗೆ ಇಳಿದ ಕೂಡಲೇ ಎರಡನ್ನು ಎತ್ತಿ ಒಂದಕ್ಕೊಂದು ತಟ್ಟಿ ಕಿವಿಗೊಡುತ್ತಿದ್ದರು. ಚೆನ್ನಾಗಿ ಬೆಂದ ಇಟ್ಟಿಗೆ ಠಣ್ ಎನ್ನುತ್ತದೆ, ಬೇಯದ್ದು ದಪ್ ಎನ್ನುತ್ತದೆ. ಆಮೇಲೆ ಉಗುರಿನಿಂದ ಗೀರಿ ನೋಡುವರು. "ಮೇಲಿನ ಅಕ್ಷರ ನೋಡಬೇಡ ಮಗಾ, ಅದು ಗೂಡಿನವನ ಹೆಸರು ಅಷ್ಟೇ. ಇಟ್ಟಿಗೆ ಏನು ಅನ್ನೋದನ್ನ ಇಟ್ಟಿಗೇನೇ ಹೇಳುತ್ತೆ" ಎನ್ನುತ್ತಿದ್ದರು. ಹಾಗೆ ಒಂದೊಂದೇ ಇಟ್ಟಿಗೆ ನೋಡಿ ಕಟ್ಟಿದ ಎಷ್ಟೋ ಮನೆಗಳಲ್ಲಿ, ಗೃಹಪ್ರವೇಶವಾದ ಮೇಲೆ ಅಪ್ಪನಿಗೆ ಹೊಸ್ತಿಲ ಒಳಗೆ ಜಾಗವಿರಲಿಲ್ಲ. ಇಟ್ಟಿಗೆಯನ್ನು ಗುಣದಿಂದ ಅಳೆದವರನ್ನು ಊರು ಹುಟ್ಟಿನಿಂದ ಅಳೆಯಿತು.

ಆದ್ದರಿಂದ "ಡೂಪ್ಲಿಕೇಟ್" ಎಂಬ ಮಾತನ್ನು ನಾನು ಸುಮ್ಮನೆ ಬಿಡಲಿಲ್ಲ. ಮೊದಲು ಚರಿತ್ರೆ ಓದಿದೆ. ಲೆಗೊ ಕಂಪನಿಯನ್ನು 1932ರಲ್ಲಿ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ ಶುರು ಮಾಡಿದವರು ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿ. 1949ರಲ್ಲಿ ಅವರು ತಂದ ಮೊದಲ ಪ್ಲಾಸ್ಟಿಕ್ ಇಟ್ಟಿಗೆಗೆ ಮಾದರಿ ಬ್ರಿಟನ್ನಿನ ಹಿಲರಿ ಫಿಶರ್ ಪೇಜ್ ರೂಪಿಸಿದ್ದ ಕಿಡ್ಡಿಕ್ರಾಫ್ಟ್ ಇಟ್ಟಿಗೆ. ಮೇಲೆ ಗುಂಡಿ, ಒಳಗೆ ಕೊಳವೆ ಇರುವ ಇಂದಿನ ರಚನೆಗೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಹಾಕಿದರು. ಆ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಈ ಇಟ್ಟಿಗೆಯ ಆಕಾರವನ್ನು ಟ್ರೇಡ್‌ಮಾರ್ಕ್ ಎಂದು ಒಬ್ಬರೇ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವೂ 2010ರಲ್ಲಿ ಹೇಳಿತು. ಹಾಗಾಗಿ ಅದೇ ಅಳತೆಯ ಇಟ್ಟಿಗೆ ಮಾಡುವುದು ಕಳ್ಳತನವಲ್ಲ. ಆದರೆ ಇನ್ನೊಬ್ಬರು ತಲೆ ಓಡಿಸಿ ಬಿಡಿಸಿದ ಪೂರ್ತಿ ಮಾದರಿಯನ್ನು, ಡಬ್ಬಿಯ ಚಿತ್ರವನ್ನು ಕದ್ದು ಮಾರಿದರೆ ಅದು ಕಳವೇ. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳಬಾರದೆಂಬ ಎರಡನೆಯ ಶೀಲ ಅಲ್ಲಿ ಮುರಿಯುತ್ತದೆ. ಅಗ್ಗದ ಕಿಟ್ ಕೊಳ್ಳುವಾಗ ಈ ವ್ಯತ್ಯಾಸ ನೋಡಿಕೊಳ್ಳಬೇಕು.

ಆಮೇಲೆ ಎಂಟನೇ ತರಗತಿಯ ಮಗಳನ್ನು ಕೂರಿಸಿಕೊಂಡು ಪರೀಕ್ಷೆಗೆ ಇಳಿದೆ. ಒಂದು ನೋಟ್‌ಬುಕ್ ಇಟ್ಟೆವು.

*ಎಣಿಕೆ:* ಬಣ್ಣ, ಅಳತೆ ಪ್ರಕಾರ ತಟ್ಟೆಗಳಲ್ಲಿ ವಿಂಗಡಿಸಿ ಎಣಿಸಿದೆವು. ಒಂದೂ ಕಮ್ಮಿ ಇರಲಿಲ್ಲ. ಆದರೆ ಅರ್ಧಕ್ಕರ್ಧ ಕಡಲೆಕಾಳಿನಷ್ಟು ಚಿಕ್ಕ ತುಂಡುಗಳು. ತುಂಡಿನ ಲೆಕ್ಕದಲ್ಲಿ ಅಗ್ಗ ಎನ್ನುವಾಗ ತುಂಡು ಎಷ್ಟು ದೊಡ್ಡದು ಎಂಬುದನ್ನೂ ಕೇಳಬೇಕು.

*ಅಳತೆ:* ಗುಂಡಿಯಿಂದ ಗುಂಡಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6, ತೆಳು ಪಟ್ಟಿಯ ಎತ್ತರ 3.2. ಮೂರು ಪಟ್ಟಿ ಸೇರಿದರೆ ಒಂದು ಇಟ್ಟಿಗೆಯ ಎತ್ತರ. ನನ್ನ ತಮ್ಮ ಮಗಳಿಗೆ ಉಡುಗೊರೆ ಕೊಟ್ಟಿದ್ದ ಲೆಗೊ ಇಟ್ಟಿಗೆಗಳನ್ನೂ ಇವನ್ನೂ ಒಂದೊಂದು ವರಸೆಗೆ ಬೆರೆಸಿ ಗೋಡೆ ಕಟ್ಟಿದೆವು. ಸರಿಯಾಗಿ ಕೂತವು.

*ಹಿಡಿತ:* ಹತ್ತು ಇಟ್ಟಿಗೆ ಪೇರಿಸಿ, ಕೆಳಗಿನದೊಂದನ್ನೇ ಹಿಡಿದು ತಲೆಕೆಳಗು ಮಾಡಿ ಅಲ್ಲಾಡಿಸಿದೆವು. ಒಂದೂ ಬೀಳಲಿಲ್ಲ. ಬಿಡಿಸಲು ಹಲ್ಲಿನ ಸಹಾಯವೂ ಬೇಕಾಗಲಿಲ್ಲ. ಒಳ್ಳೆಯ ಇಟ್ಟಿಗೆ ಹಿಡಿದುಕೊಳ್ಳಬೇಕು, ಬೇಕೆಂದಾಗ ಬಿಡಲೂ ಬೇಕು.

*ಬಣ್ಣ, ಅಂಚು:* ಬಿಸಿಲಿಗೆ ಹಿಡಿದಾಗ ಬೂದು ಗೋಡೆಯಲ್ಲಿ ಎರಡು ಬಗೆಯ ಬೂದು ಕಂಡಿತು. ಕೆಲವು ತುಂಡುಗಳ ಅಂಚಿನಲ್ಲಿ ಅಚ್ಚಿನ ಚೂರು ಉಳಿದಿತ್ತು.

*ಸುರಕ್ಷತೆ:* ನಮ್ಮ ದೇಶದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬಿಯ ಮೇಲೆ ಅದಿತ್ತು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಇಂಥ ಚಿಕ್ಕ ತುಂಡು ಕೊಡಲೇಬಾರದು, ಅದು ಯಾವ ಕಂಪನಿಯದಾದರೂ ಸರಿ.

ನಿಲ್ದಾಣ ಎದ್ದು ನಿಂತಿತು. ಚೆಂದವಾಗಿತ್ತು. ನಾನು ಹೆಮ್ಮೆಯಿಂದ ನೂರಕ್ಕೆ ತೊಂಬತ್ತು ಅಂಕ ಬರೆದು, ಆ ಸಹೋದ್ಯೋಗಿಗೆ ತೋರಿಸಲು ಫೋಟೊ ತೆಗೆದೆ.

ಮೂರನೆಯ ದಿನ ಬೆಳಿಗ್ಗೆ ಛಾವಣಿ ನಡುವೆ ಬಾಯಿಬಿಟ್ಟು ಒಂದು ಬದಿ ಕುಸಿದಿತ್ತು. ಉದ್ದನೆಯ ಪಟ್ಟಿಗಳು ಅಳತೆಗಿಂತ ಕೂದಲಷ್ಟು ಹೆಚ್ಚಿದ್ದವು. ಒಂದು ತುಂಡಿನಲ್ಲಿ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಹೆಚ್ಚಾದರೆ ಕಣ್ಣಿಗೆ ಕಾಣದು. ಇಪ್ಪತ್ತು ತುಂಡು ಸಾಲಾಗಿ ಕೂತರೆ ಅದೇ ಒಂದು ಮಿಲಿಮೀಟರ್ ಆಗುತ್ತದೆ. ನಮ್ಮ ಶೀಲದಲ್ಲೂ ಹೀಗೆಯೇ. ದಿನದ ಸಣ್ಣ ತಪ್ಪು ಕಾಣುವುದಿಲ್ಲ, ವರ್ಷದ ಕೊನೆಗೆ ಛಾವಣಿ ಕುಸಿದಾಗ ಕಾಣುತ್ತದೆ.

ನಾನು ಸದ್ದಿಲ್ಲದೆ ಛಾವಣಿಯನ್ನು ಮತ್ತೆ ಒತ್ತಿ ಕೂರಿಸಿದೆ. ಸಂಜೆ ಮಗಳು ನೋಟ್‌ಬುಕ್ ಹಿಡಿದು ಬಂದಳು.

"ಅಮ್ಮ, ಛಾವಣಿ ಬಿದ್ದದ್ದು ನೀನು ಬರೆದೇ ಇಲ್ವಲ್ಲ?"

"ಸಣ್ಣದು ಬಿಡೇ."

"ಮಾವ ಕೊಟ್ಟ ಡಬ್ಬಿಯದು ಬಿದ್ದಿದ್ರೆ ಬರೀತಿದ್ದೆ ಅಲ್ವಾ?"

ಧಮ್ಮ ಬಂಧುಗಳೇ, ನನ್ನ ಬಳಿ ಉತ್ತರವಿರಲಿಲ್ಲ. ಸಹೋದ್ಯೋಗಿ ಹೆಸರು ನೋಡಿ ಮೇಲು ಎಂದಿದ್ದರು. ನಾನೂ ಹೆಸರು ನೋಡಿಯೇ ಅಂಕ ಕೊಟ್ಟಿದ್ದೆ, ತಿರುಗುಮುರುಗಾಗಿ ಅಷ್ಟೇ. ಕಡೆಗಣಿಸಲ್ಪಟ್ಟದ್ದು ಗೆಲ್ಲಬೇಕು ಎಂಬ ಆಸೆ ನನ್ನ ಕಣ್ಣಿಗೆ ಅಡ್ಡ ನಿಂತಿತ್ತು. ಆಸೆ ಕೆಟ್ಟದ್ದಲ್ಲದಿರಬಹುದು, ಆದರೆ ಬರೆದದ್ದು ಸುಳ್ಳು. ಅಪ್ಪ ಇದ್ದಿದ್ದರೆ ತಟ್ಟಿ ನೋಡಿ "ಈ ಪಟ್ಟಿ ಬೆಂದಿಲ್ಲ ಮಗಾ" ಎಂದು ಪಕ್ಕಕ್ಕಿಡುತ್ತಿದ್ದರು.

ಕೇಸಪುತ್ತದ ಕಾಲಾಮರು ಭಗವಾನರ ಮುಂದಿಟ್ಟ ಸಂಕಟವೂ ಇಂಥದ್ದೇ. ಊರಿಗೆ ಬಂದ ಪ್ರತಿಯೊಬ್ಬ ಗುರುವೂ ತನ್ನ ಮಾಲನ್ನು ಹೊಗಳಿ ಉಳಿದವರದ್ದನ್ನು ಹೀನಾಯ ಮಾಡುತ್ತಾನೆ, ಯಾರನ್ನು ನಂಬುವುದು? ಪರಂಪರೆ ಎಂದೋ ಗ್ರಂಥದಲ್ಲಿದೆ ಎಂದೋ ಒಪ್ಪಬೇಡಿ ಎಂದರು ಭಗವಾನರು. ಇಷ್ಟನ್ನು ನಾವು ಭಾಷಣಗಳಲ್ಲಿ ಹೇಳುತ್ತಲೇ ಇರುತ್ತೇವೆ. ಆದರೆ ಇವರು ನಮ್ಮ ಗುರು ಎಂಬ ಕಾರಣಕ್ಕೂ ಒಪ್ಪಬೇಡಿ ಎಂದು ಅದೇ ಮಾತಿನಲ್ಲಿ ಸೇರಿಸಿದ್ದನ್ನು ನಾವು ಕಡಿಮೆ ನೆನೆಯುತ್ತೇವೆ. ಒರೆಗಲ್ಲು ಪರರ ಚಿನ್ನಕ್ಕೆ ಒಂದು, ನಮ್ಮ ಚಿನ್ನಕ್ಕೆ ಇನ್ನೊಂದು ಎಂದಿರುವುದಿಲ್ಲ.

ಬಾಬಾಸಾಹೇಬರನ್ನು ನೋಡಿ. 1935ರ ಅಕ್ಟೋಬರ್‌ನಲ್ಲಿ ಯೇವಲೆಯಲ್ಲಿ ತಾನು ಹಿಂದೂ ಆಗಿ ಸಾಯುವುದಿಲ್ಲ ಎಂದು ಘೋಷಿಸಿದರು. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಬಿಟ್ಟದ್ದನ್ನು ಪರೀಕ್ಷಿಸಿ ಬಿಟ್ಟರು, ಹಿಡಿದದ್ದನ್ನೂ ಪರೀಕ್ಷಿಸಿಯೇ ಹಿಡಿದರು. ಅವರ ಮಕ್ಕಳಾದ ನಾವು, ನಮ್ಮವರು ಕಳಿಸಿದ್ದಾರೆ ಎಂಬ ಒಂದೇ ಕಾರಣಕ್ಕೆ ಬಾಬಾಸಾಹೇಬರು ಆಡದ ಮಾತನ್ನು ಅವರ ಫೋಟೊದ ಕೆಳಗೆ ಹಾಕಿ ಫಾರ್ವರ್ಡ್ ಮಾಡಿದರೆ, ಬಿದ್ದ ಛಾವಣಿಯನ್ನು ಒತ್ತಿ ಕೂರಿಸಿದ ನನಗೂ ನಮಗೂ ಏನು ವ್ಯತ್ಯಾಸ?

ಅಂದು ರಾತ್ರಿ ಅಂಕ ತಿದ್ದಿದೆ. ಗೋಡೆಗೆ ತೊಂಬತ್ತು, ಬಣ್ಣಕ್ಕೆ ಅರವತ್ತು, ಛಾವಣಿಗೆ ಮೂವತ್ತು. ಮರುದಿನ ಸಹೋದ್ಯೋಗಿಗೆ ನೋಟ್‌ಬುಕ್ಕನ್ನೇ ಕೊಟ್ಟೆ. ಅವರು ಪೂರ್ತಿ ಓದಿ, "ಗೋಡೆ ಇಷ್ಟು ಗಟ್ಟಿ ಇರುತ್ತಾ ಮೇಡಂ? ನನ್ನ ಮಗನಿಗೂ ಒಂದು ನೋಡೋಣ" ಎಂದರು. ತೊಂಬತ್ತು ಅಂಕದ ಫೋಟೊ ತೋರಿಸಿದ್ದರೆ ಅವರು ಮತ್ತೆ ನಗುತ್ತಿದ್ದರೇನೋ.

*ಇಂದಿನ ಅಭ್ಯಾಸ:* ನಮಗೆ ಪ್ರಿಯವಾದ ಒಂದು ಅಭಿಪ್ರಾಯವನ್ನು, ಎದುರಾಳಿಯ ಮಾತನ್ನು ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ತಟ್ಟಿ ನೋಡೋಣ. ಠಣ್ ಎಂದರೆ ಗೋಡೆಗೆ ಇಡೋಣ. ದಪ್ ಎಂದರೆ, ನಮ್ಮದೇ ಆದರೂ ಪಕ್ಕಕ್ಕಿಡೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್. 🙏