ಬೀಳದ ಸೇತುವೆಯ ಅರ್ಜಿ

ಬಿದ್ದ ಸೇತುವೆಗೆ ಅನುದಾನ ಕೇಳಬಹುದು. ಬೀಳದಂತೆ ಕಾಯಬೇಕಾದ ಸೇತುವೆಗೆ ಏನನ್ನು ತೋರಿಸಿ ಕೇಳುವುದು?

2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿಕೊಂಡ. ಸೇತುವೆಗೆ ನಲವತ್ತು ವರ್ಷ ದಾಟಿತ್ತು. ರಾಜ್ಯದ ವಿಪತ್ತು ನಿಧಿಗೆ ಕೇಂದ್ರ ಶೇ 75, ರಾಜ್ಯ ಶೇ 25 ಹಾಕುತ್ತವೆ. ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಪ್ರವಾಹವಿದೆ, ಭೂಕಂಪವಿದೆ, ಮೇಘಸ್ಫೋಟವಿದೆ. ಮುಪ್ಪಿಲ್ಲ, ಅಲಕ್ಷ್ಯವಿಲ್ಲ.

ಇದು ಅನ್ಯಾಯವೇ? ಪೂರ್ತಿ ಅಲ್ಲ. ನೆರೆಯಲ್ಲಿ ಮನೆ ಕಳೆದುಕೊಂಡವರ ನೋವು ಖಚಿತ, ನಾಳಿನ ಅಪಾಯ ಊಹೆ. ಇರುವಷ್ಟು ಹಣ ಮೊದಲು ಖಚಿತ ನೋವಿಗೆ ಹೋಗಲಿ. ಆದರೆ ಸೇತುವೆಯ ಬಿರುಕು ಊಹೆಯಲ್ಲ. ಅದನ್ನು ಅಳೆಯಬಹುದು, ಬರೆದಿಡಬಹುದು. ಅಳೆಯದೆ ಕುಳಿತ ನಗರವೊಂದು ಮಳೆ ಬಂದು ಸೇತುವೆ ಬಿದ್ದ ಮೇಲೆ ಸಂತ್ರಸ್ತರ ಸಾಲಿನಲ್ಲಿ ನಿಂತರೆ, ಅದು ಪಡೆಯುವುದು ಆ ಮನೆ ಕಳೆದುಕೊಂಡವರ ಪಾಲನ್ನು.

ಹದಿನೈದನೇ ಹಣಕಾಸು ಆಯೋಗ ಇದನ್ನು ಅರ್ಧ ಅರಿತಿತ್ತು. ವಿಪತ್ತು ಹಣದ ಶೇ 20ನ್ನು ಅಪಾಯ ತಗ್ಗಿಸಲು ಮೀಸಲಿಟ್ಟು, ಬೆಂಗಳೂರಿನ ನೆರೆ ತಡೆಗೆ 250 ಕೋಟಿ ರೂಪಾಯಿ ಶಿಫಾರಸು ಮಾಡಿತು. ಉಳಿದರ್ಧ ನಮ್ಮದು. ಹಲಸೂರಿನಿಂದ ಹೊರಟು ನಾನು ದಾಟುವ ಕೆ.ಆರ್.ಪುರದ ತೂಗುಸೇತುವೆ ಇವತ್ತೂ ನಿಂತಿತ್ತು ಎಂಬುದು ಯಾರಿಗೂ ಸುದ್ದಿಯಲ್ಲ. ಸುದ್ದಿಯಾಗದ ಆ ಕೆಲಸಕ್ಕೆ ಪ್ರತಿವರ್ಷ ನಮ್ಮ ತೆರಿಗೆಯಿಂದಲೇ ಹಣ ಎತ್ತಿಡುವುದು ಔದಾರ್ಯವಲ್ಲ, ಸಾಲ ತೀರಿಸುವುದು.